ಗೌರಮ್ಮನ ಹಾಜರಿ

ಅವರೆಕಾಳು ಹಿದುಕಲು ಕೂತವರನ್ನು ಯಾರೂ ಎಬ್ಬಿಸಬಾರದು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ರಾತ್ರಿಯಿಡೀ ನೀರಲ್ಲಿ ನೆನೆದು ಉಬ್ಬಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಗುರವಾಗಿ ಒತ್ತಿದರೆ ಸಾಕು, ಸಿಪ್ಪೆಯನ್ನು ಕೈಯಲ್ಲೇ ಬಿಟ್ಟು ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಕೈಗೆ ದುಡಿಮೆ, ಮನಸ್ಸಿಗೆ ರಜೆ. ಇಂಥ ಕೆಲಸಗಳು ಮನೆಯಲ್ಲಿ ಕಡಿಮೆಯಾಗುತ್ತಿವೆ ಎನ್ನುವುದು ನಿಮ್ಮ ಅನುಭವವೂ ಆಗಿರಬಹುದು. ಅಂತೂ ಚಳಿಗಾಲದ ಒಂದು ಬೆಳಿಗ್ಗೆ, ರಾಜರಾಜೇಶ್ವರಿನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಆ ಸುಖದಲ್ಲಿ ಮುಳುಗಿದ್ದಾಗ ಫೋನು ಹೊಡೆದುಕೊಂಡಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ.

"ಆಂಟಿ, ನಾನು ಸಹನಾ. ನಂಜುಂಡಯ್ಯನವರ ಮಗಳು," ಎಂದಿತು ಒಂದು ದನಿ. "ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು. ನೀವು ಬರೆದಿದ್ದ ಪ್ರೋಗ್ರಾಮ್ ಇದೆಯಲ್ಲ, ಅದರಲ್ಲಿ ಒಬ್ಬರು ಕೆಲಸದವರು ಇದ್ದಾರೆ. ಅವರು ಯಾರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ."

ನನಗೆ ಮೊದಲು ಅಚ್ಚರಿಯಾದದ್ದು ಆ ಕೆಲಸದವರ ಬಗ್ಗೆ ಅಲ್ಲ, ನನ್ನ ಪ್ರೋಗ್ರಾಮು ಇನ್ನೂ ಬದುಕಿದೆ ಎಂಬುದರ ಬಗ್ಗೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನಂಜುಂಡಯ್ಯನವರದ್ದು ಒಂದು ಸಣ್ಣ ಕಾರ್ಖಾನೆ. ಸ್ಟೀಲಿನ ಟಿಫಿನ್ ಕ್ಯಾರಿಯರುಗಳನ್ನೂ ಡಬ್ಬಿಗಳನ್ನೂ ಅಲ್ಲಿ ತಯಾರಿಸುತ್ತಾರೆ. ಬಿ.ಎಸ್ಸಿ. ಮುಗಿಸಿ, ಸಂಜೆ ತರಗತಿಯಲ್ಲಿ ಕಂಪ್ಯೂಟರು ಕಲಿತು, ಇಪ್ಪತ್ತರ ಹರೆಯದಲ್ಲಿ ನಾನು ಸೇರಿದ ಮೊದಲ ಕೆಲಸ ಅಲ್ಲಿಯದು. ಆಗಷ್ಟೇ ಅವರು ಒಂದು ಕಂಪ್ಯೂಟರು ಕೊಂಡು, ಅದರಿಂದ ಏನು ಮಾಡಿಸುವುದೆಂದು ತಿಳಿಯದೆ, ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿ ಇಟ್ಟಿದ್ದರು. ಹಾಜರಿ, ದಾಸ್ತಾನು, ಆರ್ಡರು, ಸರಬರಾಜು ಎಲ್ಲಕ್ಕೂ ಒಂದೇ ಪ್ರೋಗ್ರಾಮು ಬರೆದುಕೊಟ್ಟೆ. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಹೋದೆ, ಆ ಕೆಲಸದಿಂದ ನಿವೃತ್ತಳೂ ಆದೆ. ನಾನು ಬರೆದದ್ದು ಮಾತ್ರ ನಿವೃತ್ತವಾಗಿರಲಿಲ್ಲ. ಯಂತ್ರ ಬದಲಾದಾಗಲೆಲ್ಲ ಯಾರೋ ಬಂದು ಅದನ್ನು ಎತ್ತಿ ಹೊಸ ಯಂತ್ರದೊಳಗೆ ಕೂರಿಸಿದ್ದರು, ಅಲ್ಲಲ್ಲಿ ತೇಪೆ ಹಾಕಿದ್ದರು, ಅದು ದುಡಿಯುತ್ತಲೇ ಇತ್ತು. ನಂಜುಂಡಯ್ಯನವರು ಈಗಿಲ್ಲ. ಬೇರೆ ಊರುಗಳಲ್ಲಿ ಓದಿ, ದುಡಿದು ಬಂದ ಮಗಳು ಸಹನಾ ಈಚೆಗೆ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದಾಳೆ. ಅವಳು ಈಗ ಎಲ್ಲವನ್ನೂ ಕ್ಲೌಡಿಗೆ ಸಾಗಿಸಲು ಹೊರಟಿದ್ದಳು.

ಕ್ಲೌಡ್ ಎಂದರೆ ಮೋಡವೇನೂ ಅಲ್ಲ ಎಂಬುದನ್ನು ನನ್ನ ಯಜಮಾನರಿಗೆ ವಿವರಿಸುವಷ್ಟರಲ್ಲಿ ಕಾಳೆಲ್ಲ ಹಿದುಕಿ ಮುಗಿದಿತ್ತು. ನಮ್ಮ ಮನೆಯ ಬೀರುವಿನಲ್ಲಿರುವುದನ್ನು ಎಲ್ಲೋ ದೂರದ ದೊಡ್ಡ ಕಟ್ಟಡದಲ್ಲಿ, ಹಗಲಿರುಳು ಕರೆಂಟು ಹೋಗದ ಕಡೆ, ಬೇರೆಯವರ ಕಂಪ್ಯೂಟರಿನಲ್ಲಿ ಇಟ್ಟು, ಬೇಕೆಂದಾಗ ಇಂಟರ್ನೆಟ್ಟಿನಲ್ಲಿ ಕೈಚಾಚಿ ತೆಗೆದುಕೊಳ್ಳುವುದು, ಅಷ್ಟೆ. ಹೆಸರಿಟ್ಟವರು ರಸಿಕರಿರಬೇಕು. ಗೋದಾಮು ಎಂದಿದ್ದರೆ ಯಾರು ತಾನೇ ತಲೆಯೆತ್ತಿ ನೋಡುತ್ತಿದ್ದರು?

ಮಾರನೆಯ ದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ರಾಜಾಜಿನಗರದಲ್ಲಿ ಇಳಿದೆ. ಕಾರ್ಖಾನೆಯ ಕ್ಯಾಬಿನ್ನಿನಲ್ಲಿ ಸಹನಾ ಜೊತೆಗೆ ಪ್ರೀತಮ್ ಎಂಬ ಎಂಜಿನಿಯರು ಕಾಯುತ್ತಿದ್ದ. ಸಾಗಾಟದ ಹೊಣೆ ಅವನ ಕಂಪನಿಯದು. ನನ್ನನ್ನು ಕಂಡೊಡನೆ ಎದ್ದು ನಿಂತು, ಮ್ಯಾಮ್, ನೀವು ಬರೆದದ್ದನ್ನು ಓದುವಾಗ, ಇದನ್ನು ಬರೆದ ಕಾಲಕ್ಕೆ ನಾನು ಹುಟ್ಟೇ ಇರಲಿಲ್ಲ ಅನ್ನೋದು ನೆನಪಾಗ್ತಿತ್ತು ಎಂದ. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಎರಡೂ ಆಗಿರಬಹುದು ಎಂದುಕೊಂಡು ಕೂತೆ.

ಅವರು ಹೇಳಿದ್ದು ಇಷ್ಟು. ಹಳೆಯ ವ್ಯವಸ್ಥೆಯ ನೌಕರರ ಪಟ್ಟಿಯಲ್ಲಿ ಗೌರಮ್ಮ ಎಂಬ ಹೆಸರಿದೆ. ವಿಳಾಸವಿಲ್ಲ, ಹುಟ್ಟಿದ ದಿನಾಂಕವಿಲ್ಲ, ಸಂಬಳದ ಕಡೆ ಬರೀ ಸೊನ್ನೆ. ಆದರೆ ಹಾಜರಿ ಮಾತ್ರ ಎಲ್ಲರಿಗಿಂತ ಹೆಚ್ಚು. ಹಬ್ಬಕ್ಕೂ ರಜೆ ಕೇಳಿದವಳಲ್ಲ, ಒಮ್ಮೊಮ್ಮೆ ಕಾಯಿಲೆ ರಜೆ ಹಾಕಿದ್ದಾಳೆ, ಆ ದಿನ ಶೆಡ್ಡಿನ ಹಳೆಯ ಕೆಲಸಗಾರ ಲಕ್ಕಣ್ಣನೂ ಬೇರೆ ಕೆಲಸ ನೋಡಿಕೊಂಡಿದ್ದಾನೆ. ಅವಳ ಹಾಜರಿಯ ಪಕ್ಕದಲ್ಲಿ ಬಹುತೇಕ ದಿನಗಳಲ್ಲಿ ಲಕ್ಕಣ್ಣನ ಹೆಸರು. ಗುರುತಿನ ಚೀಟಿ ಇಲ್ಲದ ನೌಕರರನ್ನು ಹೊಸ ವ್ಯವಸ್ಥೆ ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಪ್ರೀತಮ್ ಪ್ರಯೋಗಕ್ಕೆಂದು ಗೌರಮ್ಮನನ್ನು ಅಳಿಸಿ ನೋಡಿದನಂತೆ. ಮರುಕ್ಷಣವೇ ದಾಸ್ತಾನಿನ ಲೆಕ್ಕದಲ್ಲಿದ್ದ ಡಬ್ಬಿಗಳೆಲ್ಲ ಮಾಯ. ಮುಚ್ಚಳಗಳಿವೆ, ಹಿಡಿಕೆಗಳಿವೆ, ಡಬ್ಬಿ ಮಾತ್ರ ಒಂದೂ ಇಲ್ಲ. ಮದುವೆಯ ಸುಗ್ಗಿ ಶುರುವಾಗಿತ್ತು, ಉಡುಗೊರೆಗೆಂದು ಟಿಫಿನ್ ಕ್ಯಾರಿಯರಿನ ಆರ್ಡರುಗಳು ಸಾಲುಗಟ್ಟಿದ್ದವು, ಸೋಮವಾರದಿಂದ ಹೊಸ ವ್ಯವಸ್ಥೆ ನಡೆಯಲೇಬೇಕಿತ್ತು.

ಸಹನಾಳ ಮುಖದಲ್ಲಿ ಬೇರೊಂದು ಕಳವಳವೂ ಇತ್ತು. ಪ್ರೀತಮ್ ಹೊರಗೆ ಹೋದಾಗ ಅದನ್ನು ಮೆಲ್ಲಗೆ ಹೇಳಿದಳು. ಇಲ್ಲದ ಹೆಂಗಸಿನ ಹೆಸರಲ್ಲಿ ಯಾರೋ ಹಾಜರಿ ಹಾಕಿ, ಕೂಲಿಯನ್ನು ಬೇರೆ ಲೆಕ್ಕದಲ್ಲಿ ಪಡೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು, ಆ ಯಾರೋ ಲಕ್ಕಣ್ಣನೇ ಎಂದೂ. ಕೆಂಗೇರಿಯ ಕಡೆಯಿಂದ ಹುಡುಗನಾಗಿ ಬಂದು ಸೇರಿ ಇಲ್ಲಿಯೇ ತಲೆ ನರೆಸಿಕೊಂಡವನು ಲಕ್ಕಣ್ಣ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾರ್ಖಾನೆ ಸುತ್ತಿಸಿದವನು. ಅವನ ಎದುರು ನಿಂತು ಈ ಪ್ರಶ್ನೆ ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಕೇಳದೆ ಇದ್ದದ್ದರಿಂದ ಅನುಮಾನ ಒಳಗೊಳಗೇ ಬಲಿತು, ಅವನ ಮುಖ ನೋಡಿ ನಮಸ್ಕಾರ ಹೇಳುವುದೂ ಕಷ್ಟವಾಗಿತ್ತು.

ನಾನು ನಗಬಾರದಿತ್ತು, ಆದರೆ ನಕ್ಕೆ. ಬಾ ಎಂದು ಅವಳ ಕೈಹಿಡಿದು ಕೆಳಗಿನ ಶೆಡ್ಡಿಗೆ ಕರೆದುಕೊಂಡು ಹೋದೆ. ಪ್ರೀತಮ್ ಹಿಂದೆಯೇ ಬಂದ. ಲಕ್ಕಣ್ಣ ದೊಡ್ಡ ಪ್ರೆಸ್ಸಿನ ಮುಂದೆ ನಿಂತಿದ್ದ. ಎರಡಾಳೆತ್ತರದ ಹಸಿರು ಬಣ್ಣದ ಯಂತ್ರ. ಚಪ್ಪಟೆ ಸ್ಟೀಲಿನ ಬಿಲ್ಲೆಯನ್ನು ಒಂದೇ ಏಟಿಗೆ ಒತ್ತಿ ಡಬ್ಬಿಯ ಆಕಾರಕ್ಕೆ ತರುವಂಥದ್ದು. ನನ್ನನ್ನು ಗುರುತಿಸಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಮುಖವೆಲ್ಲ ನಗೆಯಾಯಿತು.

"ಲಕ್ಕಣ್ಣ, ಗೌರಮ್ಮ ಹೇಗಿದಾಳೆ?" ಎಂದೆ.

"ಚೆನ್ನಾಗವ್ಳೆ ಮೇಡಂ," ಎಂದ ಅವನು, ಪ್ರೆಸ್ಸಿನ ಮೈ ಸವರುತ್ತ. "ಚಳಿಗಾಲ ನೋಡಿ, ಬೆಳಿಗ್ಗೆ ಬೆಳಿಗ್ಗೆ ಮಂಡಿ ಸ್ವಲ್ಪ ಹಿಡ್ಕೊತದೆ. ಬಿಸಿಯಾದ್ಮೇಲೆ ಸರಿಹೋಯ್ತಾಳೆ."

ಸಹನಾ ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಯಂತ್ರವನ್ನು ನೋಡಿದಳು. ಕಚೇರಿಯಲ್ಲಿ ಅದರ ಹೆಸರು ದೊಡ್ಡ ಪ್ರೆಸ್ ಎಂದಷ್ಟೇ. ಗೌರಿ ಹಬ್ಬದ ಹಿಂದಿನ ದಿನ ಲಾರಿಯಲ್ಲಿ ಬಂದಿಳಿದದ್ದರಿಂದ ಅದಕ್ಕೆ ಗೌರಮ್ಮ ಎಂದು ಹೆಸರಿಟ್ಟ ಹಳಬರಲ್ಲಿ ಈಗ ಉಳಿದವನು ಲಕ್ಕಣ್ಣನೊಬ್ಬನೇ. ನಾನು ಪ್ರೋಗ್ರಾಮು ಬರೆಯುವಾಗ ಅದರೊಳಗೆ ಜಾಗವಿದ್ದದ್ದು ಎರಡಕ್ಕೆ, ಜನಕ್ಕೆ ಮತ್ತು ಸರಕಿಗೆ. ಯಂತ್ರ ಎಷ್ಟು ಹೊತ್ತು ಓಡಿತೆಂದು ಬರೆದಿಟ್ಟರೆ ಎಣ್ಣೆ ಯಾವಾಗ ಹಾಕಬೇಕೆಂದು ತಿಳಿಯುತ್ತದೆ, ಆದರೆ ಅದನ್ನು ಎಲ್ಲಿ ಬರೆಯುವುದು? ನಂಜುಂಡಯ್ಯನವರನ್ನು ಕೇಳಿದೆ. ದಿನಾ ಬರ್ತಾಳೆ, ದಿನಾ ದುಡೀತಾಳೆ, ಸಂಬಳ ಬೇಡ ಅಂತಾಳೆ, ಇಂಥವಳಿಗೆ ಹಾಜರಿ ಹಾಕದೆ ಇನ್ಯಾರಿಗೆ ಹಾಕ್ತೀಯಮ್ಮ ಎಂದರು ಅವರು. ಹಾಗೆ ಗೌರಮ್ಮ ನೌಕರಳಾದಳು, ಅವಳು ಒತ್ತಿದ ಡಬ್ಬಿಗಳೆಲ್ಲ ಅವಳ ಹೆಸರಿಗೇ ಸೇರುತ್ತ ಹೋದವು.

ಪ್ರೀತಮ್ ಗಟ್ಟಿಯಾಗಿ ನಕ್ಕ. ಸಹನಾ ನಗಲು ಹೋಗಿ ನಿಂತಳು. ಆ ಹುಡುಗಿ ನನಗೆ ಮೆಚ್ಚಿಕೆಯಾದದ್ದು ಆಗಲೇ. ಸುಮ್ಮನೆ ಮೇಲೆ ಹೋಗಿಬಿಡಬಹುದಿತ್ತು, ಲಕ್ಕಣ್ಣನಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಅವಳು ಹೋಗಲಿಲ್ಲ. ನಡೆದದ್ದನ್ನೆಲ್ಲ ಅವನಿಗೆ ಹೇಳಿ, ನಿಮ್ಮ ಮೇಲೆ ಅನುಮಾನ ಪಟ್ಟೆ ಲಕ್ಕಣ್ಣ ಎಂದಳು.

ಲಕ್ಕಣ್ಣ ಕೈಗೆ ಮೆತ್ತಿದ್ದ ಎಣ್ಣೆಯನ್ನು ಬಟ್ಟೆಯಲ್ಲಿ ನಿಧಾನವಾಗಿ ಒರೆಸಿಕೊಂಡ.

"ಕೇಳ್ಬೋದಾಗಿತ್ತಲ್ಲವ್ವ," ಎಂದ. ಅಷ್ಟೇ ಹೇಳಿ ಪ್ರೆಸ್ಸಿನ ಕಡೆ ತಿರುಗಿದ.

ಮನೆಗೆ ಬರುವಾಗ ಮೆಟ್ರೋದ ಕಿಟಕಿಯಲ್ಲಿ ವಿಜಯನಗರದ ಮಹಡಿಗಳೂ ಅವುಗಳ ಮೇಲಿನ ನೀರಿನ ಟ್ಯಾಂಕುಗಳೂ ಒಣಹಾಕಿದ ಬಟ್ಟೆಗಳೂ ಹಿಂದಕ್ಕೆ ಸರಿಯುತ್ತಿದ್ದವು. ಆ ಮಹಡಿಗಳ ಕೆಳಗೆಲ್ಲೋ ನಾವು ಬಾಡಿಗೆಗಿದ್ದ ಮನೆಗಳೂ ಇವೆ. ಮಾರೇನಹಳ್ಳಿಯಲ್ಲೊಂದು, ಬಾಪೂಜಿನಗರದಲ್ಲೊಂದು. ನೀವೂ ಮನೆ ಬದಲಾಯಿಸಿದವರಾದರೆ ಒಪ್ಪುತ್ತೀರಿ, ಒಂದು ಮನೆಯಲ್ಲಿ ಸಾಮಾನು ಎಷ್ಟಿದೆ ಎಂಬುದು ಅದನ್ನು ಬಿಡುವ ದಿನದವರೆಗೆ ಯಾರಿಗೂ ತಿಳಿದಿರುವುದಿಲ್ಲ. ನಮ್ಮ ತಾಯಿ ಸಕ್ಕರೆಯನ್ನು ರವೆ ಎಂದು ಬರೆದ ಡಬ್ಬಿಯಲ್ಲೂ ರವೆಯನ್ನು ಸಕ್ಕರೆ ಎಂದು ಬರೆದ ಡಬ್ಬಿಯಲ್ಲೂ ಇಡುತ್ತಿದ್ದರು. ಯಾಕೆಂದರೆ ಸಕ್ಕರೆ ಹೆಚ್ಚು ಬೇಕು, ಮತ್ತು ರವೆಯ ಡಬ್ಬಿ ದೊಡ್ಡದು. ನಮಗ್ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ನಂಟರೊಬ್ಬರು ಬಂದು, ತಾವೇ ಕಾಫಿ ಬೆರೆಸಿಕೊಳ್ಳುವ ಸೌಜನ್ಯ ತೋರಿಸಿ, ಲೋಟದ ತಳದಲ್ಲಿ ಉಪ್ಪಿಟ್ಟು ಕಾಣುವ ತನಕ ಅದು ತಪ್ಪೆಂದೂ ಅನ್ನಿಸಿರಲಿಲ್ಲ. ಒಟ್ಟಿಗೆ ಬಾಳುವವರ ನಡುವೆ ಹೀಗೆ ಎಷ್ಟೋ ಸಂಗತಿಗಳು ಬರೆದದ್ದೊಂದು, ಇರುವುದೊಂದು ಆಗಿದ್ದು ಸುಖವಾಗಿ ನಡೆಯುತ್ತವೆ. ಹೊಸಬರು ಬಂದಾಗ ಅವರಿಗೆ ಕೇಳುವ ಸಲುಗೆ ಇರಬೇಕು, ನಮಗೆ ಹೇಳುವ ತಾಳ್ಮೆ ಇರಬೇಕು. ಸಲುಗೆಯಿಲ್ಲದ ಕಡೆ ಗೌರಮ್ಮನೂ ಕಳ್ಳಿಯಂತೆ ಕಾಣುತ್ತಾಳೆ.

ಉಳಿದ ದಿನಗಳೂ ನಾನು ಹೋಗಿ ಬಂದೆ. ಸಹನಾ ಕರೆದಳು ಎಂಬುದು ನೆಪ, ನಿಜವಾಗಿ ನನಗೇ ಹುರುಪು ಬಂದಿತ್ತು. ಹೊಸ ವ್ಯವಸ್ಥೆಯಲ್ಲಿ ಯಂತ್ರಗಳಿಗೆಂದೇ ಪ್ರತ್ಯೇಕ ಜಾಗವಿತ್ತು. ಗೌರಮ್ಮನನ್ನು ಜನರ ಸಾಲಿನಿಂದ ಎಬ್ಬಿಸಿ ಅಲ್ಲಿ ಕೂರಿಸಬೇಕು, ಅವಳು ಇಲ್ಲಿಯವರೆಗೆ ಒತ್ತಿದ ಡಬ್ಬಿಗಳೆಲ್ಲ ಅವಳ ಹಿಂದೆಯೇ ಹೋಗುವಂತೆ ನೋಡಿಕೊಳ್ಳಬೇಕು. ಪ್ರೀತಮ್ ಮತ್ತು ನಾನು ಅಕ್ಕಪಕ್ಕ ಕೂತು ಕೆಲಸ ಮಾಡಿದೆವು. ನಾನು ಹಳೆಯದು ಹೇಗೆ ನಡೆಯುತ್ತದೆಂದು ಹೇಳುತ್ತಿದ್ದೆ, ಅವನು ಹೊಸದು ಹೇಗೆಂದು ತೋರಿಸುತ್ತಿದ್ದ. ನಾನು ಕಟ್ಟಿದ್ದನ್ನು ನನ್ನ ಕಣ್ಣೆದುರೇ ಕಳಚುತ್ತಿದ್ದಾರೆಂದು ಬೇಸರವಾಗಬೇಕಿತ್ತೇನೋ. ಆಗಲಿಲ್ಲ. ಅಂದಿನ ಇಕ್ಕಟ್ಟಿನಲ್ಲಿ ಮೈ ಮುದುಡಿಕೊಂಡು ಬರೆದದ್ದು ಇವತ್ತು ಕೈಕಾಲು ಚಾಚುತ್ತಿದೆ ಎನ್ನಿಸಿ ಒಳಗೊಳಗೇ ಖುಷಿಯಾಯಿತು.

ಶನಿವಾರ ಸಂಜೆಯ ಹೊತ್ತಿಗೆ ಡಬ್ಬಿಗಳೆಲ್ಲ ಅತ್ತ ಕಡೆ ಕ್ಷೇಮವಾಗಿ ತಲುಪಿದವು. ಯಂತ್ರಗಳಿಗೆ ಬರೀ ನಂಬರು ಕೊಡುವುದು ಅವರ ಕಂಪನಿಯ ಪದ್ಧತಿ. ನಂಬರೇ ಸಾಕು ಎಂದೆ ನಾನು ಕೂಡ, ಪಾಠ ಹೇಳಿದವಳ ಶಿಸ್ತಿನಿಂದ. ಪ್ರೀತಮ್ ಒಪ್ಪಲಿಲ್ಲ. ಜಾಗ ಬೇಕಾದಷ್ಟಿದೆ ಮ್ಯಾಮ್ ಎಂದು, ನಂಬರಿನ ಮುಂದೆ ಗೌರಮ್ಮ ಎಂದು ಕನ್ನಡದಲ್ಲೇ ಬರೆದ.

ಅಷ್ಟರಲ್ಲಿ ಲಕ್ಕಣ್ಣ ಸಹನಾಳೊಂದಿಗೆ ಮಾತು ಕಡಿಮೆ ಮಾಡಿದ್ದ. ಸಿಟ್ಟೇನೂ ಇಲ್ಲ, ಕೇಳಿದ್ದಕ್ಕೆ ಉತ್ತರ, ಹೇಳಿದ ಕೆಲಸಕ್ಕೆ ತಲೆಯಾಡಿಸುವುದು. ಮೊದಲೆಲ್ಲ ಅವನು ಬೆಳಿಗ್ಗೆ ಬಂದೊಡನೆ ಮೆಟ್ಟಿಲ ಬುಡದಲ್ಲಿ ನಿಂತು, ತಿಂಡಿ ಆಯ್ತಾ ಎಂದು ವಿಚಾರಿಸುತ್ತಿದ್ದನಂತೆ. ಆ ವಿಚಾರಣೆ ನಿಂತಿತ್ತು. ಸಹನಾ ಅದನ್ನು ನನ್ನೊಡನೆ ಎರಡು ಸಲ ಹೇಳಿಕೊಂಡಳು, ಎರಡನೆಯ ಸಲ ಕಣ್ಣು ಬೇರೆಲ್ಲೋ ಇಟ್ಟುಕೊಂಡು.

ಸೋಮವಾರ ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದ್ದೆವು. ಪ್ರೆಸ್ಸಿನ ಪಕ್ಕದ ಕಂಬಕ್ಕೆ ಒಂದು ಟ್ಯಾಬ್ಲೆಟ್ಟು ತೂಗುಹಾಕಿದ್ದರು. ಅದರ ಮೇಲೆ ಬೆರಳಿಟ್ಟರೆ ಗೌರಮ್ಮ ಕೆಲಸ ಶುರುಮಾಡಿದಳೆಂದು ದೂರದ ಕಂಪ್ಯೂಟರಿಗೆ ತಿಳಿಯಬೇಕು. ಲಕ್ಕಣ್ಣ ಬೆರಳಿಟ್ಟ. ತೆರೆಯ ಮೇಲೆ ಚಿಕ್ಕ ವೃತ್ತವೊಂದು ತಿರುಗಿತು. ತಿರುಗುತ್ತಲೇ ಇತ್ತು. ಪ್ರೀತಮ್ ಓಡಿಹೋಗಿ ನೋಡಿಕೊಂಡು ಬಂದು, ಹೊರಗಡೆ ರಸ್ತೆ ಅಗೆಯುವವರು ಇಂಟರ್ನೆಟ್ ಕೇಬಲ್ ಕತ್ತರಿಸಿದ್ದಾರೆ ಎಂದ. ಬೆಂಗಳೂರಿನಲ್ಲಿ ರಸ್ತೆ ಅಗೆಯುವುದಕ್ಕೆ ಮುಹೂರ್ತ ನೋಡುವವರು ಯಾರೋ ಇರಬೇಕು. ಅವರು ನಮ್ಮ ಮುಹೂರ್ತವನ್ನೇ ಆರಿಸಿಕೊಂಡಿದ್ದರು.

ಹೊರಗೆ ಸರಕಿಗಾಗಿ ಗಾಡಿ ಬಂದು ನಿಂತಿತ್ತು. ಹಳೆಯದಕ್ಕೇ ವಾಪಸು ಹೋಗೋಣವೇ ಎಂದು ಪ್ರೀತಮ್ ನನ್ನ ಮುಖ ನೋಡಿದ. ಸಹನಾ ಬೇಡವೆಂದಳು. ತನ್ನ ಮೊಬೈಲನ್ನು ತೆಗೆದು, ಅದರ ಇಂಟರ್ನೆಟ್ಟನ್ನೇ ಟ್ಯಾಬ್ಲೆಟ್ಟಿಗೆ ಹಂಚಿದಳು. ಶೆಡ್ಡಿನ ತಗಡಿನ ಸೂರಿನಡಿ ಮೊಬೈಲಿಗೆ ಸಿಗ್ನಲ್ಲು ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ಪ್ರೆಸ್ಸಿನ ಎಡಬದಿಗೆ, ಗಾಳಿಕಿಂಡಿಯ ಕೆಳಗೆ. ಅಲ್ಲಿ ಅವಳು ಫೋನನ್ನು ಎತ್ತಿ ಹಿಡಿದು ನಿಂತಳು. ವೃತ್ತ ತಿರುಗುವುದು ನಿಂತು ಹಸಿರು ಗುರುತು ಬಂತು. ಲಕ್ಕಣ್ಣ ಲಿವರು ಎಳೆದ. ಗೌರಮ್ಮ ಧಡಕ್ಕನೆ ಮೊದಲ ಡಬ್ಬಿ ಒತ್ತಿದಳು.

ಕೇಬಲ್ಲು ಸರಿಯಾಗಲು ಮಧ್ಯಾಹ್ನವಾಯಿತು. ಅಲ್ಲಿಯವರೆಗೂ ಸಹನಾ ಆ ಜಾಗ ಬಿಟ್ಟು ಕದಲುವಂತಿರಲಿಲ್ಲ. ಕೈ ಸೋತಾಗ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಲಕ್ಕಣ್ಣನ ಮಗ್ಗುಲಲ್ಲೇ ನಿಂತಿದ್ದಳು. ಲಕ್ಕಣ್ಣ ಬಿಲ್ಲೆಯ ಮೇಲೆ ಬಿಲ್ಲೆ ಇಟ್ಟು ಲಿವರು ಎಳೆಯುತ್ತಿದ್ದ. ಆಮೇಲೆ ಅವಳು ಏನೋ ಕೇಳಿದಳು, ಯಂತ್ರದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವನು ಪ್ರೆಸ್ಸಿನ ಒಂದು ಭಾಗ ತೋರಿಸಿ ಏನೋ ಹೇಳಿದ. ಮತ್ತೆ ಕೇಳಿದಳು, ಮತ್ತೆ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಅವನು ಗೋಡೆ ಬದಿಯಲ್ಲಿದ್ದ ಸ್ಟೂಲನ್ನು ಎಳೆದು ತಂದು, ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಅವಳ ಪಕ್ಕದಲ್ಲಿಟ್ಟ.

"ಕೂತ್ಕೊಳವ್ವ. ತಿಂಡಿ ತಿಂದಿದೀಯೋ ಇಲ್ವೋ?" ಎಂದ. ಇದು ನನಗೆ ಚೆನ್ನಾಗಿ ಕೇಳಿಸಿತು, ಏಕೆಂದರೆ ಅಷ್ಟು ಹೊತ್ತಿಗೆ ನಾನು ಸಾಕಷ್ಟು ಹತ್ತಿರ ಹೋಗಿ ನಿಂತಿದ್ದೆ.

ಗಾಡಿ ಹೊತ್ತಿಗೆ ಸರಿಯಾಗಿ ತುಂಬಿಕೊಂಡು ಹೊರಟಿತು. ಮುಂದಿನ ವಾರಗಳಲ್ಲಿ ಹೊಸ ವ್ಯವಸ್ಥೆ ಸಣ್ಣಪುಟ್ಟ ತಕರಾರುಗಳೊಂದಿಗೆ ಒಗ್ಗಿಕೊಂಡಿತು. ಇನ್ನು ಹಳೆಯ ಕಂಪ್ಯೂಟರಿನ ಅಗತ್ಯವಿಲ್ಲವೆಂದು ಪ್ರೀತಮ್ ತೀರ್ಮಾನಿಸಿದ ದಿನ, ಅದನ್ನು ನಾನೇ ಆರಿಸಬೇಕೆಂದು ಸಹನಾ ಕರೆಸಿಕೊಂಡಳು. ದೊಡ್ಡ ಸಮಾರಂಭವೇನಿಲ್ಲ. ಗುಂಡಿ ಒತ್ತಿದೆ, ತೆರೆ ಕಪ್ಪಾಯಿತು. ಇಷ್ಟೇನಾ ಎಂದುಕೊಂಡೆ. ಕಂಪ್ಯೂಟರು ಬಿಸಿಯಾಗದಿರಲೆಂದು ಆ ಕ್ಯಾಬಿನ್ನಿನಲ್ಲಿ ಹಗಲೆಲ್ಲ ಗೊರಗೊರ ಎನ್ನುತ್ತಿದ್ದ ಏಸಿಯನ್ನೂ ಪ್ರೀತಮ್ ಆರಿಸಿದ. ಧೂಳು ಬರಬಾರದೆಂದು ನಾನಿದ್ದ ಕಾಲದಿಂದ ಮುಚ್ಚಿಯೇ ಇದ್ದ ಶೆಡ್ಡಿನ ಕಡೆಯ ಕಿಟಕಿಯ ಬಳಿಗೆ ಸಹನಾ ಹೋದಳು. ಚಿಲಕ ತುಕ್ಕು ಹಿಡಿದಿತ್ತು. ಅವಳೂ ಪ್ರೀತಮ್ ಕೂಡ ಸೇರಿ ಗುದ್ದಿ ಗುದ್ದಿ ತೆರೆದರು.

ಗಾಳಿ ಬಂತು, ಎಣ್ಣೆಯ ವಾಸನೆ ಬಂತು, ಶೆಡ್ಡಿನ ಸದ್ದೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಮುಚ್ಚಳ ಜೋಡಿಸುವವರ ಮಾತು, ಯಾರದೋ ಫೋನಿನ ಹಾಡು, ಎಲ್ಲದರ ನಡುವೆ ಗೌರಮ್ಮನ ನಿಧಾನದ ಧಡಕ್, ಧಡಕ್. ಸಹನಾ ಕಿಟಕಿಗೆ ಒರಗಿ ಕಣ್ಣುಮುಚ್ಚಿ ಕೇಳುತ್ತಿದ್ದಳು. ಆಮೇಲೆ ಅವಳು ಹುಬ್ಬು ಗಂಟಿಕ್ಕಿ, ಹೊರಗೆ ಬಾಗಿ ಕೂಗಿದಳು.

"ಲಕ್ಕಣ್ಣ, ಶಬ್ದ ಯಾಕೋ ಬೇರೆ ಥರ ಬರ್ತಾ ಇದೆ ಅಲ್ವಾ? ಏಟು ಬಿದ್ಮೇಲೆ ಕಿರ್ ಅಂತಾಳೆ."

ಕೆಳಗೆ ಲಕ್ಕಣ್ಣ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಮೂಡಿದ ಸಂತೋಷವನ್ನು ಹೇಗೆ ಬಣ್ಣಿಸಲಿ, ತನ್ನ ಮನೆಯ ಮಗು ಮೊದಲ ಸಲ ಅಕ್ಷರ ಓದಿದಾಗಿನಂತೆ ಇತ್ತು.

"ಎಣ್ಣೆ ಕೇಳ್ತಾವ್ಳೆ," ಎಂದ. "ಈಗ ಹಾಕೋಣ ಅಂತಿದ್ದೆ. ಬಾರವ್ವ, ನೀನೇ ಹಾಕು."

ಸಹನಾ ಮೆಟ್ಟಿಲಿಳಿದು ಹೋದಳು. ನಾನು ಕಿಟಕಿಯ ಬಳಿ ನಿಂತೆ. ಲಕ್ಕಣ್ಣ ಯಂತ್ರ ನಿಲ್ಲಿಸಿ, ಎಣ್ಣೆಯ ಕ್ಯಾನು ಅವಳ ಕೈಗೆ ಕೊಟ್ಟು, ಎಲ್ಲೆಲ್ಲಿ ಎಂದು ಬೆರಳಿಟ್ಟು ತೋರಿಸಿದ. ಅವಳು ಕುರ್ತಾದ ತೋಳು ಮೇಲಕ್ಕೇರಿಸಿ, ಬಾಗಿ, ಒಂದೊಂದು ಕಡೆಗೂ ಹನಿ ಹನಿಯಾಗಿ ಬಿಟ್ಟಳು. ಆಮೇಲೆ ಕಂಬದ ಟ್ಯಾಬ್ಲೆಟ್ಟಿನ ಮೇಲೆ ಎಣ್ಣೆಗೈಯಲ್ಲೇ ಏನೋ ಒತ್ತಿದಳು. ಇಲ್ಲಿ ನನ್ನ ಪಕ್ಕದಲ್ಲಿ ಪ್ರೀತಮ್‌ನ ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಹೊಸ ಸಾಲು ಮೂಡಿತು. ಗೌರಮ್ಮ, ಎಣ್ಣೆ ಹಾಕಿದೆ, ಹಾಕಿದವರು ಸಹನಾ.